ಗೋಡೆಯ ಮೇಲಿನ ಅನಿತ

ಆ ಶುಕ್ರವಾರ ರಾಮಾಂಜಿನಪ್ಪನ ಮನೆಯಲ್ಲಿ ನಾಲ್ಕು ಮಗ್ಗಗಳನ್ನೂ ನಿಲ್ಲಿಸಿದ್ದರು. ಕರೆಂಟು ಇರುವಾಗ ಮಗ್ಗ ನಿಂತಿತೆಂದರೆ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಸಾವಾಗಿರಬೇಕು, ಇಲ್ಲವೇ ಹಬ್ಬವಾಗಿರಬೇಕು. ಎದುರುಮನೆಯ ಲಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೇ ಬಂದುಬಿಟ್ಟಳು.

"ಏನ್ ಶಕುಂತಲಮ್ಮ, ಯಾಕೆ ಮನೇಲಿ ಸದ್ದೇ ಇಲ್ಲ?"

"ಮಗಳ ಸರ್ಟಿಫಿಕೇಟು ಬಂತಲ್ಲ ಲಕ್ಕಮ್ಮ. ತಗೊಂಡೋಗಕ್ಕೆ ನಮ್ಮಣ್ಣ ಬಂದವ್ನೆ."

"ಸರ್ಟಿಫಿಕೇಟು ತಗೊಂಡೋಗಕ್ಕಾ? ತಟ್ಟೆ, ತಾಂಬೂಲ ಎಲ್ಲಾ ನೋಡಿ, ನಾನು ಹೆಣ್ಣನ್ನೇ ತಗೊಂಡೋಗಕ್ಕೆ ಬಂದವ್ರೆ ಅನ್ಕೊಂಡೆ ಕಣಮ್ಮ!"

ಒಳಗೆ ಕೂತಿದ್ದವರೆಲ್ಲ ನಕ್ಕರು. ಶಕುಂತಲಮ್ಮನೂ ನಕ್ಕಳು. ಅವಳಿಗೆ ಅಂದು ನಗುವುದಕ್ಕೆ ಕಾರಣವಿತ್ತು. ಮಗಳು ಅನಿತ ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಎರಡು ವರ್ಷ ಡಿ.ಫಾರ್ಮ್ ಓದಿದ್ದಳು. ಆಮೇಲೆ ಆಸ್ಪತ್ರೆಯೊಂದರಲ್ಲಿ ತಿಂಗಳುಗಟ್ಟಲೆ ನಿಂತು ತರಬೇತಿ ಮುಗಿಸಿದ್ದಳು. ಈಗ ಫಾರ್ಮಸಿ ಕೌನ್ಸಿಲ್ಲಿನಿಂದ ಅವಳ ಫೋಟೋ ಅಂಟಿಸಿದ ನೋಂದಣಿ ಪತ್ರ ಬಂದಿತ್ತು. ಅದನ್ನು ರಾಮಾಂಜಿನಪ್ಪ ತಾನೇ ಪೇಟೆಗೆ ಹೋಗಿ ಗಾಜು ಹಾಕಿಸಿ, ಚೌಡೇಶ್ವರಿಯ ಪಟದ ಮುಂದಿಟ್ಟು, ಗಾಜಿನ ಮೂಲೆಗೆ ಕುಂಕುಮ ಹಚ್ಚಿದ್ದ.

ಶಕುಂತಲಮ್ಮನ ಅಣ್ಣ ಸಂಜೀವಪ್ಪನಿಗೆ ಬಸ್ ಸ್ಟ್ಯಾಂಡಿನ ಪಕ್ಕ ಮೆಡಿಕಲ್ ಸ್ಟೋರಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ. ಫಾರ್ಮಸಿ ಓದಿದವರೊಬ್ಬರ ಹೆಸರಿಲ್ಲದೆ ಔಷಧಿ ಅಂಗಡಿಗೆ ಲೈಸೆನ್ಸ್ ಸಿಗದು. ಅದಕ್ಕಾಗಿ ಇಷ್ಟು ವರ್ಷ ಒಬ್ಬ ವಯಸ್ಸಾದ ಕಾಂಪೌಂಡರನ ಸರ್ಟಿಫಿಕೇಟು ಅಲ್ಲಿ ತೂಗುತ್ತಿತ್ತು. ಆ ಮುದುಕ ಮಗನ ಜೊತೆ ತುಮಕೂರಿಗೆ ಹೊರಟುಬಿಟ್ಟ. ಸಂಜೀವಪ್ಪ ತಂಗಿಯ ಮನೆಗೆ ಬಂದ.

"ಮನೇಲೇ ಲಕ್ಷ್ಮಿ ಇರುವಾಗ ನಾನ್ಯಾಕೆ ಊರೂರು ಅಲೀಲಿ ಭಾವ?" ಎಂದ.

ಅನಿತ ಅವನು ತೋರಿಸಿದ ಕಡೆಯೆಲ್ಲ ಖುಷಿಯಿಂದ ಸಹಿ ಹಾಕಿದಳು. "ಮಾವ, ಸೋಮವಾರ ಎಷ್ಟು ಹೊತ್ತಿಗೆ ಅಂಗಡಿಗೆ ಬರ್ಲಿ?" ಎಂದು ಕೇಳಿದಳು.

"ಬರೋದು ಇದ್ದೇ ಇರುತ್ತೆ ಬಿಡಮ್ಮ," ಎಂದು ಸಂಜೀವಪ್ಪ ನಕ್ಕ. ಆ ನಗುವನ್ನು ಎಲ್ಲರೂ ಒಪ್ಪಿಗೆಯೆಂದೇ ತಿಳಿದರು. ರಾಮಾಂಜಿನಪ್ಪ ಬಾಯಿ ಮಾತಿನಲ್ಲಿ ಕೊಟ್ಟ. ತಟ್ಟೆಯಲ್ಲಿ ಎಲೆ ಅಡಿಕೆಯ ಮೇಲೆ ಆ ಪಟವನ್ನಿಟ್ಟು ಅಣ್ಣನ ಕೈಗೆ ಕೊಟ್ಟವಳು ಮಾತ್ರ ಶಕುಂತಲಮ್ಮ. ಆ ಮನೆಯಲ್ಲಿ ಮಾತು ಗಂಡಸಿನದು, ತಟ್ಟೆ ಹೆಂಗಸಿನದು. ಅದು ಮೊದಲಿಂದ ನಡೆದುಬಂದ ಪದ್ಧತಿ.

ಸೋಮವಾರ ಬೆಳಗ್ಗೆ ಅನಿತ ಕಾಲೇಜಿನ ಬಿಳಿ ಕೋಟಿಗೆ ಇಸ್ತ್ರಿ ಮಾಡಿಕೊಂಡು, ತಿಂಡಿಗೆ ಮಾಡಿದ್ದ ಚಿತ್ರಾನ್ನವನ್ನು ಡಬ್ಬಿಗೆ ತುಂಬಿಸಿಕೊಂಡು ಹೋದಳು. ಮಧ್ಯಾಹ್ನದ ಮುದ್ದೆಗೆ ಶಕುಂತಲಮ್ಮ ಇನ್ನೂ ಎಸರಿಟ್ಟಿರಲಿಲ್ಲ, ಆಗಲೇ ವಾಪಸ್ ಬಂದಳು. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣವಿತ್ತು.

"ಏನೇ, ಇಷ್ಟು ಬೇಗ?"

"ಮಾವ ಕಳಿಸಿದ್ರು. ಮೊದಲನೇ ದಿನ ಅಂತ ಸಿಹಿ ಕೊಟ್ಟು ಕಳಿಸಿದ್ರು."

"ನಾಳೆ?"

"ನಾಳೇನೂ ಬೇಡ್ವಂತೆ. ಯಾವತ್ತೂ ಬೇಡ್ವಂತೆ. 'ಬಸ್ ಸ್ಟ್ಯಾಂಡಲ್ಲಿ ಡ್ರೈವರು, ಕಂಡಕ್ಟರು, ಕುಡುಕರು ಎಲ್ಲಾ ಬರ್ತಾರೆ. ನಮ್ಮ ಮನೆ ಹೆಣ್ಣುಮಗಳು ಕೌಂಟರಲ್ಲಿ ನಿಂತ್ರೆ ಚೆನ್ನಾಗಿರಲ್ಲ. ನೀನು ಮನೇಲಿ ರಾಣಿ ಹಂಗೆ ಇರಮ್ಮ, ತಿಂಗಳು ತಿಂಗಳು ಕವರ್ ಬರುತ್ತೆ' ಅಂದ್ರು."

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ ಅಮ್ಮಯಮ್ಮ ಬೊಚ್ಚುಬಾಯಿ ತೆರೆದಳು. "ಸರಿಯಾಗೇ ಹೇಳವ್ನೆ. ಮನೇಲಿ ಕೂತ್ರೂ ಸಂಬಳ ಬರ್ತದೆ ಅಂದ್ರೆ ಯಾರಿಗುಂಟು ಯಾರಿಗಿಲ್ಲ? ನಾನು ಈ ಮನೇಲಿ ಅರವತ್ತು ವರ್ಷ ಗೇಯ್ದೆ, ಯಾವನು ನಂಗೆ ಕವರ್ ಕೊಟ್ಟ?"

"ಅದು ಸಂಬಳ ಅಲ್ಲ ಅಜ್ಜಿ, ಬಾಡಿಗೆ."

"ಯಾವುದಾದ್ರೇನು, ನೋಟಿನ ಮೇಲೆ ಬರ್ದಿರ್ತದಾ?"

ಅನಿತ ಪೊಟ್ಟಣವನ್ನು ಅಜ್ಜಿಯ ಮಡಿಲಿಗೆ ಹಾಕಿ, ಕೋಟನ್ನು ಮಡಚಿ ಟ್ರಂಕಿನಲ್ಲಿಟ್ಟು, ಅವ್ವನ ಪಕ್ಕ ಬಂದು ಕಂಡಿಕೆ ಸುತ್ತುವುದಕ್ಕೆ ಕೂತಳು. ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆಗಳನ್ನು ಸುತ್ತುವುದು ಆ ಮನೆಯ ಹೆಂಗಸರ ಪಾಲಿನ ಕೆಲಸ. ಒಂದು ಕೈ ಹೆಚ್ಚಾಯಿತೆಂದು ಶಕುಂತಲಮ್ಮನಿಗೆ ಒಳಗೊಳಗೇ ಸಮಾಧಾನವೂ ಆಯಿತು.

ಹೀಗೇ ಆಷಾಢ ಕಳೆಯಿತು. ಸಂಜೀವಪ್ಪ ಮಾತಿಗೆ ತಪ್ಪಲಿಲ್ಲ, ಕವರನ್ನು ತಾನೇ ತಂದು ಭಾವನ ಕೈಗಿಡುತ್ತಿದ್ದ. ಸುಟ್ಟುಹೋಗಿದ್ದ ಮಗ್ಗದ ಮೋಟರು ಅದರಲ್ಲೇ ರಿಪೇರಿಯಾಯಿತು. ಅನಿತಳ ತಮ್ಮ ಚೌಡೇಶ ಅಂಗಡಿಯ ಮುಂದೆ ಹಾದುಬಂದಾಗಲೆಲ್ಲ ಅಕ್ಕನನ್ನು ರೇಗಿಸುತ್ತಿದ್ದ.

"ಅಕ್ಕ, ಇವತ್ತು ಡ್ಯೂಟೀಲಿ ಸಕತ್ತಾಗಿದ್ದೆ ಕಣೇ. ನಿನ್ನ ಫೋಟೋ ಪಕ್ಕ ಊದಿನಕಡ್ಡಿ ಬೇರೆ ಹಚ್ಚಿದ್ರು. ಒಂದು ಹಾರ ಹಾಕಿದ್ರೆ ಮುಗೀತು, ವರ್ಷಾಂತಿಕ ಮಾಡ್ಬೋದು."

"ಬಿಡ್ತು ಅನ್ನೋ ಮುಂಡೇದೇ!" ಎಂದು ಶಕುಂತಲಮ್ಮ ಬೈದಳು.

ಅನಿತ ತಲೆ ಎತ್ತದೆ ಹೇಳಿದಳು: "ನಾನೊಬ್ಬಳೇ ಏನಲ್ಲ. ನಮ್ಮ ಕ್ಲಾಸಿನ ಹುಡುಗೀರದ್ದೆಲ್ಲಾ ಇದೇ ಕಥೆ. ನೆಲಮಂಗಲದೋಳದ್ದು ಒಂದು ಗೋಡೆ ಮೇಲೆ, ನಂದಗುಡಿಯೋಳದ್ದು ಒಂದು ಗೋಡೆ ಮೇಲೆ. ಸರ್ಟಿಫಿಕೇಟುಗಳೆಲ್ಲ ಕೆಲಸಕ್ಕೆ ಹೋಗ್ತಾವೆ, ನಾವೆಲ್ಲ ಅಡುಗೆಮನೇಲಿದೀವಿ."

ರಾಮಾಂಜಿನಪ್ಪನಿಗೆ ಈ ಮಾತು ಹಿಡಿಸಲಿಲ್ಲ. ಅವನಿಗೆ ತಿಳಿದಿದ್ದು ಮಗ್ಗದ ಲೆಕ್ಕ. "ಅದರಲ್ಲೇನಮ್ಮ ತಪ್ಪು? ನಾನೂ ಎರಡು ಮಗ್ಗ ಬಾಡಿಗೆಗೆ ಕೊಟ್ಟಿರ್ಲಿಲ್ವಾ? ಮಗ್ಗ ನಮ್ಮದು, ನೇಯೋನು ಇನ್ನೊಬ್ಬ. ಸೀರೆ ಚೆನ್ನಾಗಿ ಬರ್ಲಿಲ್ಲ ಅಂದ್ರೆ ಮಗ್ಗ ಕೊಟ್ಟೋನ್ನ ಯಾರಾದ್ರೂ ಬೈತಾರಾ?"

"ಸೀರೆ ಹರಿದ್ರೆ ಇನ್ನೊಂದು ಉಟ್ಕೋತಾರಪ್ಪ. ಮಾತ್ರೆ ತಪ್ಪಿದ್ರೆ ಉಟ್ಕೊಳ್ಳೋರೇ ಇರಲ್ಲ."

"ಓದಿದ್ದು ಜಾಸ್ತಿ ಆಯ್ತು ಇವಳಿಗೆ," ಎಂದು ರಾಮಾಂಜಿನಪ್ಪ ಮೇಲೆದ್ದು ಹೋಗಿ ಮಗ್ಗ ಹಾಕಿದ. ಆ ಮನೆಯಲ್ಲಿ ಯಾರಿಗಾದರೂ ಮಾತು ಸಾಕೆನಿಸಿದರೆ ಮಗ್ಗ ಹಾಕಿದರಾಯಿತು. ಲಟಪಟ ಸದ್ದಿನಲ್ಲಿ ಇನ್ನೊಬ್ಬರು ಏನಂದರೂ ಕೇಳಿಸುತ್ತಿರಲಿಲ್ಲ.

ಶ್ರಾವಣದ ಎರಡನೇ ಭಾನುವಾರ ಅನಿತಳ ಕಾಲೇಜಿನ ಮೇಷ್ಟ್ರು ಗಂಗಣ್ಣ ವಿಳಾಸ ಕೇಳಿಕೊಂಡು ಮನೆಗೆ ಬಂದರು. ಅವರು ಹೊಸಕೋಟೆಯ ಕಡೆಯವರು, ಮಾತಿನಲ್ಲಿ ಸಲಿಗೆ ಜಾಸ್ತಿ. ಚಾಪೆಯ ಮೇಲೆ ಕೂತು, ಕಾಫಿ ಕುಡಿದು, ಮಗ್ಗ ನಿಲ್ಲಲೆಂದು ಕಾದು, ಬಂದ ವಿಷಯ ಹೇಳಿದರು.

"ದೇವನಹಳ್ಳಿ ರಸ್ತೇಲಿ ಹೊಸ ಫಾರ್ಮಸಿ ಕಾಲೇಜು ಆಗಿದೆ ಯಜಮಾನ್ರೇ. ಈಗ ಎಲ್ಲೆಲ್ಲೂ ಆಗ್ತಿವೆ, ಪೇಪರಲ್ಲಿ ನೋಡಿರ್ತೀರಲ್ಲ. ಕಟ್ಟಡ ಎದ್ದಷ್ಟು ಬೇಗ ಮೇಷ್ಟ್ರುಗಳು ಏಳಲ್ಲ ನೋಡಿ. ಕೆಲವು ಕಡೆ ತಪಾಸಣೆಗೆ ಬರೋ ದಿನ ಮಾತ್ರ ಬೇರೆ ಕಾಲೇಜಿಂದ ಮೇಷ್ಟ್ರುಗಳನ್ನ ಕರ್ಕೊಂಡು ಬಂದು ಸಾಲಾಗಿ ಕೂರಿಸ್ತಾರೆ. ನನ್ನೂ ಕರೆದಿದ್ರು ಒಂದು ಕಡೆ, ಊಟ ಹಾಕಿ ಕಳಿಸ್ತೀವಿ ಅಂದ್ರು!"

"ಹೋಗಿದ್ರಾ?" ಎಂದ ಚೌಡೇಶ.

"ಊಟ ನಮ್ಮ ಮನೇಲೂ ಹಾಕ್ತಾರಪ್ಪ." ಗಂಗಣ್ಣ ಲೋಟ ಕೆಳಗಿಟ್ಟರು. "ಅದಕ್ಕೇ ಈಗ ನಮ್ಮ ಕಾಲೇಜು, ಆ ಹೊಸ ಕಾಲೇಜು ಎರಡೂ ಸೇರಿ ಒಂದು ಏರ್ಪಾಡು ಮಾಡ್ಕೊಂಡಿದೀವಿ. ವಾರಕ್ಕೆ ಎರಡು ದಿನ ನಮ್ಮ ಮೇಷ್ಟ್ರುಗಳು ಅಲ್ಲಿಗೆ ಹೋಗಿ ಪಾಠ ಮಾಡೋದು. ಶನಿವಾರ ಅವರ ಹುಡುಗರು ನಮ್ಮ ದೊಡ್ಡ ಲ್ಯಾಬಿಗೆ ಬರೋದು. ಆದ್ರೆ ಅಲ್ಲೇ ದಿನಾ ಇದ್ದು ಮಕ್ಕಳ ಕೈಲಿ ಔಷಧಿ ಅಳೆಸಿ, ಬೆರೆಸಿ ತೋರ್ಸೋರು ಒಬ್ಬರು ಬೇಕು. ನಾನು ಅನಿತನ ಹೆಸರು ಹೇಳಿದೆ. ಎರಡೂ ಕಡೆಯೋರು ಒಪ್ಪಿದ್ರು. ಒಂದೆರಡು ವರ್ಷ ಅಲ್ಲಿದ್ರೆ ಬಿ.ಫಾರ್ಮ್ ಓದಕ್ಕೂ ದಾರಿ ಆಗುತ್ತೆ."

ಅನಿತಳ ಮುಖವನ್ನು ಶಕುಂತಲಮ್ಮ ನೋಡಿದಳು. ಅಂಗಡಿಗೆ ಹೋದ ಆ ಸೋಮವಾರ ಬಿಳಿ ಕೋಟಿಗೆ ಇಸ್ತ್ರಿ ಮಾಡುವಾಗ ಇದ್ದ ಮುಖ ಅದು. ಆಮೇಲೆ ಅದನ್ನು ಅವಳು ಕಂಡಿರಲಿಲ್ಲ.

"ಯಾವಾಗಿಂದ ಸರ್?"

"ಒಂದನೇ ತಾರೀಖಿಂದ. ಅಸಲು ಸರ್ಟಿಫಿಕೇಟು ತಗೊಂಡು ಬಾ. ಬೇರೆಲ್ಲೂ ಹೆಸರಿಲ್ಲ ತಾನೇ? ಅಂಗಡೀಲಿ ಹೆಸರಿದ್ರೆ ಅಲ್ಲೇ ಪೂರ್ತಿ ದಿನ ಕೆಲಸ ಅಂತ ಲೆಕ್ಕ. ಒಂದು ಹೆಸರು ಎರಡು ಕಡೆ ಇರಂಗಿಲ್ಲ."

ಅನಿತ ಅಪ್ಪನ ಕಡೆ ನೋಡಿದಳು, ಅಪ್ಪ ಮಗ್ಗದ ಕಡೆ ನೋಡಿದ. ಗಂಗಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿ ಅರ್ಥ ಮಾಡಿಕೊಂಡರು. "ಓಹೋ, ನೀನೂ ಗೋಡೆ ಹತ್ತಿಬಿಟ್ಯಾ? ಇಳಿದು ಬಾರಮ್ಮ. ಒಂದನೇ ತಾರೀಖಿನ ತನಕ ಕಾಯ್ತೀನಿ, ಅದರ ಮೇಲೆ ನನ್ನ ಕೈಲಿಲ್ಲ," ಎಂದು ಎದ್ದರು.

ಅಂದು ರಾತ್ರಿಯ ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಅನಿತ ತಟ್ಟೆ ಮುಟ್ಟಲಿಲ್ಲ.

"ಅಪ್ಪ, ನಾಳೆ ಮಾವನ ಹತ್ರ ಹೋಗಿ ಸರ್ಟಿಫಿಕೇಟು ಇಸ್ಕೊಂಡು ಬಾ."

"ಕೊಟ್ಟ ಮೇಲೆ ಹೆಂಗೆ ಕೇಳೋದು? ತಾಂಬೂಲ ಕೊಟ್ಟಿದ್ದೀವಿ."

"ನನ್ನನ್ನ ಕೌಂಟರಲ್ಲಿ ನಿಲ್ಲಿಸ್ತಾರೆ ಅಂತ ನಾನು ಸಹಿ ಹಾಕಿದ್ದು."

"ನಿಲ್ಲಿಸ್ತೀನಿ ಅಂತ ಅವನು ಬಾಯಿ ಬಿಟ್ಟು ಹೇಳಿದ್ನಾ?"

"ನಿಲ್ಲಿಸಲ್ಲ ಅಂತಾನೂ ಹೇಳ್ಲಿಲ್ಲವಲ್ಲ!"

ಶಕುಂತಲಮ್ಮ ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟಳು. "ಸಾಕು ಮಾಡೇ. ನಿನ್ನ ಹೆಸರು ತೆಗೆದ್ರೆ ಅವನ ಅಂಗಡಿ ಗತಿ ಏನು? ನಮ್ಮಪ್ಪ ಸತ್ತ ಮೇಲೆ ನನ್ನ ಮದುವೆ ಮಾಡಿದೋನು ಅವನು. ಇವತ್ತಿಗೂ ಹಬ್ಬ ಅಂದ್ರೆ ಸೀರೆ ಹಿಡ್ಕೊಂಡು ಬಾಗಿಲಿಗೆ ಬರ್ತಾನೆ. ನನ್ನ ತವರಿಗೆ ನೀನು ಬಾಗಿಲು ಹಾಕಿಸ್ಬೇಡ."

"ನಿನ್ನ ತವರಿನ ಬಾಗಿಲು ತೆಗೆದಿರ್ಬೇಕು ಅಂತ ನನ್ನ ಬಾಗಿಲು ಹಾಕ್ತೀಯೇನಮ್ಮ?"

ಅಮ್ಮಯಮ್ಮ ಮುದ್ದೆ ನುಂಗಿ ಹೇಳಿದಳು, "ಮಾತು ಮಾತ್ರ ಚೆನ್ನಾಗಿ ಕಲ್ತವ್ಳೆ. ಲೇ ಚೌಡ, ಇನ್ನೊಂದು ಚೂರು ಸಾರು ಹಾಕ್ಕೊಂಡು ಬಾರೋ. ಇವರ ಜಗಳ ಮುಗಿಯಂಗಿಲ್ಲ."

ಅನಿತ ತಾನೇ ಅಂಗಡಿಗೆ ಹೋಗಿ ಕೇಳಿದಳು. ಸಂಜೀವಪ್ಪ ಕೋಪಿಸಿಕೊಳ್ಳಲಿಲ್ಲ, ನಕ್ಕೇ ಕಳಿಸಿದ. "ನನಗೆ ಕೊಟ್ಟಿದ್ದು ನೀನಾ? ತಟ್ಟೇಲಿಟ್ಟು ಕೊಟ್ಟಿದ್ದು ನಿಮ್ಮವ್ವ. ದೊಡ್ಡೋರ ವ್ಯವಹಾರದಲ್ಲಿ ನೀನ್ಯಾಕೆ ಬರ್ತೀಯ ತಾಯಿ? ದೀಪಾವಳಿ ಕಳೀಲಿ, ನೋಡೋಣ."

ಮನೆಗೆ ಬಂದು ಮಾವನ ಮಾತನ್ನು ಅನಿತ ಹಾಗೆಹಾಗೇ ಒಪ್ಪಿಸಿದಳು. ಅವ್ವನ ಮುಖ ನೋಡಲಿಲ್ಲ. ಟ್ರಂಕು ತೆಗೆದು, ಅಂಗಡಿಯ ಕೆಲಸ ಬಿಟ್ಟಿದ್ದೇನೆಂದು ಔಷಧಿ ಇಲಾಖೆಗೆ ಒಂದು ಅರ್ಜಿ ಬರೆದು, ಚೌಡೇಶನ ಕೈಲಿ ರಿಜಿಸ್ಟರ್ ಪೋಸ್ಟ್ ಮಾಡಿಸಿದಳು. ಅಸಲು ಪತ್ರ ಮಾತ್ರ ಗೋಡೆಯ ಮೇಲೇ ಇತ್ತು. ಅಂದಿನಿಂದ ಅವ್ವ ಮಗಳು ಒಂದೇ ಕಡೆ ಕೂತು ಕಂಡಿಕೆ ಸುತ್ತಿದರು, ಒಂದೇ ಒಲೆಯಲ್ಲಿ ಬೇಯಿಸಿದರು, ಮಾತು ಮಾತ್ರ ಚೌಡೇಶನ ಮೂಲಕ ನಡೆಯಿತು.

"ಚೌಡ, ಉಪ್ಪಿನ ಡಬ್ಬ ಕೊಡು ಅನ್ನು."

"ಅಕ್ಕ, ಅವ್ವ ಉಪ್ಪಿನ ಡಬ್ಬ ಕೇಳ್ತಾವ್ಳೆ. ನನಗೂ ಒಂದು ಕವರ್ ಮಾಡ್ಸಿ ಗುರು, ಟೆಲಿಫೋನ್ ಎಕ್ಸ್‌ಚೇಂಜ್ ಕೆಲ್ಸ ಮಾಡ್ತಿದೀನಿ."

ತಿಂಗಳ ಕೊನೆಯ ವಾರ. ಹಾಲು ತರಲೆಂದು ಬೆಳಗ್ಗೆ ಬೀದಿಗಿಳಿದ ಶಕುಂತಲಮ್ಮ ನಲ್ಲಿಯ ಹತ್ತಿರ ಗುಂಪು ಕಂಡಳು. ಲಕ್ಕಮ್ಮ ಕೊಡದ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ಮೈಯೆಲ್ಲ ಬೆವರಿ ಸೀರೆ ಒದ್ದೆಯಾಗಿತ್ತು. ಕಣ್ಣು ಬಿಟ್ಟಿದ್ದರೂ ಯಾರ ಗುರುತೂ ಹತ್ತುತ್ತಿರಲಿಲ್ಲ. ಯಾರೋ ಈರುಳ್ಳಿ ಜಜ್ಜಿ ತರಲು ಓಡಿದರು. ಯಾರೋ ಕಬ್ಬಿಣ ಕೈಗಿಡಿ ಎಂದರು.

ಅನಿತ ಒಳಗಿನಿಂದ ಓಡಿ ಬಂದವಳು ಲಕ್ಕಮ್ಮನ ಕೈ ಹಿಡಿದು ನೋಡಿ, "ಸಕ್ಕರೆ ತನ್ನಿ, ಬೇಗ!" ಎಂದು ಕೂಗಿದಳು.

"ಅಯ್ಯೋ, ಅವಳಿಗೆ ಸಕ್ಕರೆ ಕಾಯಿಲೆ ಕಣೇ!"

"ಗೊತ್ತು. ಅದಕ್ಕೇ ತನ್ನಿ."

ನುಂಗುವಷ್ಟು ಎಚ್ಚರ ಇನ್ನೂ ಇತ್ತು. ಸಕ್ಕರೆ ನೀರನ್ನು ಚೂರು ಚೂರಾಗಿ ಕುಡಿಸಿದ ಮೇಲೆ ಲಕ್ಕಮ್ಮನ ಕಣ್ಣು ತಿಳಿಯಾಯಿತು. ಆಟೋ ಮಾಡಿ ಆಸ್ಪತ್ರೆಗೆ ಕಳಿಸಿದರು. ಸಂಜೆಗೆ ಲಕ್ಕಮ್ಮ ಮನೆಗೆ ಬಂದು ಗೋಡೆಗೊರಗಿ ಕೂತಳು. ಅನಿತ ಅವಳ ಮಾತ್ರೆಯ ಪಟ್ಟಿ ತರಿಸಿ, ಡಾಕ್ಟರ ಚೀಟಿಯ ಪಕ್ಕ ಹಿಡಿದು ನೋಡಿದಳು. ಮಾತ್ರೆಯ ಪವರು ಚೀಟಿಯಲ್ಲಿ ಬರೆದದ್ದರ ಎರಡರಷ್ಟಿತ್ತು.

"ಇದನ್ನ ಎಲ್ಲಿ ತಗೊಂಡ್ರಿ ಲಕ್ಕಮ್ಮತ್ತೆ?"

ಲಕ್ಕಮ್ಮ ಶಕುಂತಲಮ್ಮನ ಕಡೆ ತಿರುಗಿದಳು. "ನಿಮ್ಮಣ್ಣನ ಅಂಗಡೀಲೇ ಕಣಮ್ಮ. ಯಾವತ್ತೂ ಆಸ್ಪತ್ರೆ ಮುಂದಿನ ಅಂಗಡೀಲಿ ತಗೋತಿದ್ದೆ. ಮೊನ್ನೆ ನಿಮ್ಮಣ್ಣನ ಅಂಗಡಿ ಗೋಡೆ ಮೇಲೆ ನಿನ್ನ ಮಗಳ ಫೋಟೋ ಕಂಡೆ. ನಮ್ಮ ಅನಿತಂದೇ ಐತಲ್ಲ, ನಮ್ಮ ಹುಡುಗಿ ಕೈಲಿರೋ ಔಷಧಿ, ಕಣ್ಣು ಮುಚ್ಕೊಂಡು ನುಂಗ್ಬೋದು ಅಂತ ಅಲ್ಲೇ ತಗೊಂಡೆ. ಅಲ್ಲಾ ಅನಿತ, ಮನೇಲಿದ್ರೂ ಆಗಾಗ ಹೋಗಿ ಎಲ್ಲಾ ನೋಡ್ಕೋತೀಯ ಅನ್ಕೊಂಡಿದ್ದೆ, ನೀನು ನೋಡಿ ಕೊಡಕ್ಕಾಗ್ತಿರ್ಲಿಲ್ವೇನವ್ವ?"

ಅನಿತ ಆ ಮಾತ್ರೆಪಟ್ಟಿಯನ್ನು ಚೀಟಿಯೊಳಗೆ ಮಡಚಿ ಮಡಿಲಲ್ಲಿಟ್ಟುಕೊಂಡಳು. ಶಕುಂತಲಮ್ಮ ಅದನ್ನು ಕಂಡಳು. ತನ್ನ ಮಗಳು ಮುಟ್ಟದೇ ಇದ್ದ ಮಾತ್ರೆಗೆ ತನ್ನ ಮಗಳು ತಲೆ ತಗ್ಗಿಸಿ ಕೂತಿದ್ದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. ರಾಮಾಂಜಿನಪ್ಪ ಲಾಳಿ ಬದಲಿಸುತ್ತಾ, "ಪಾಪ, ಏನೋ ಅವಸರದಲ್ಲಿ ಕೈತಪ್ಪಾಗಿರ್ತದೆ. ಬದುಕಿದ್ಲಲ್ಲ," ಎಂದ.

"ಸತ್ತಿದ್ರೆ ಯಾರ ಹೆಸರು ಬರ್ತಿತ್ತು?"

ರಾಮಾಂಜಿನಪ್ಪ ಮಗ್ಗ ಹಾಕಲು ಕೈ ಚಾಚಿದ. ಶಕುಂತಲಮ್ಮ ಅವನಿಗಿಂತ ಮೊದಲೇ ಗೋಡೆಯ ಸ್ವಿಚ್ ಆರಿಸಿದಳು. "ಇವತ್ತು ನೀವು ಮಗ್ಗದ ಹಿಂದೆ ಅಡಗ್ಬೇಡಿ. ನಾಳೆ ಹೋಗಿ ಅದನ್ನ ತರ್ತೀರೋ, ಇಲ್ವೋ?"

"ಕೊಟ್ಟ ಮಾತು ವಾಪಸ್ ತಗೊಳ್ಳೋ ವಂಶ ಅಲ್ಲ ನಮ್ದು."

"ಸರಿ ಬಿಡಿ. ಮಾತು ನಿಮ್ಮದು, ನಿಮ್ಮ ಹತ್ರಾನೇ ಇರ್ಲಿ. ತಟ್ಟೆ ನಂದು."

ಮಾರನೇ ದಿನ ಸಂಜೆ, ಮಗ್ಗದ ಕೂಲಿಯವರೆಲ್ಲ ಕೆಲಸ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ಹೊರಡುವ ಹೊತ್ತಿಗೆ, ಶಕುಂತಲಮ್ಮ ಮುಖ ತೊಳೆದು, ಒಗೆದ ಸೀರೆ ಉಟ್ಟು, ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ತೆಂಗಿನಕಾಯಿ ಇಟ್ಟುಕೊಂಡಳು. ಆ ತಿಂಗಳ ಕವರು ಒಡೆಯದೆ ದೇವರ ಗೂಡಿನಲ್ಲಿತ್ತು. ಅದನ್ನೂ ಇಟ್ಟಳು.

"ಎಲ್ಲಿಗೆ ಹೊರಟ್ಯೇ ತಟ್ಟೆ ಹಿಡ್ಕೊಂಡು? ಯಾರ ಮನೇಲಿ ಸೀಮಂತ?" ಎಂದಳು ಅಮ್ಮಯಮ್ಮ.

"ಸೀಮಂತ ಅಲ್ಲ ಅತ್ತೆ. ಮಗಳನ್ನ ಗೋಡೆಯಿಂದ ಇಳಿಸ್ಕೊಂಡು ಬರ್ತೀನಿ."

ಮುದುಕಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೈ ಚಾಚಿ ತಟ್ಟೆಯಿಂದ ತೆಂಗಿನಕಾಯಿ ಎತ್ತಿಕೊಂಡಳು. "ಅದಕ್ಕೆ ಕಾಯಿ ಯಾಕೆ ದಂಡ? ಎಲೆ ಅಡಿಕೆ ಸಾಕು, ಹೋಗು."

ಅಂಗಡಿಯ ಮುಂದೆ ಐದಾರು ಜನ ಗಿರಾಕಿಗಳಿದ್ದರು. ತಂಗಿಯನ್ನು ಕಂಡು ಸಂಜೀವಪ್ಪ, "ಬಾ ಶಕ್ಕು, ಒಳಗೆ ಬಾ, ಕಾಫಿ ತರಿಸ್ತೀನಿ," ಎಂದ. ಶಕುಂತಲಮ್ಮ ಒಳಗೆ ಹೋಗಲಿಲ್ಲ. ತಟ್ಟೆಯನ್ನು ಗಾಜಿನ ಕೌಂಟರಿನ ಮೇಲಿಟ್ಟಳು.

"ಏನಿದು?"

"ತಾಂಬೂಲ. ಅವತ್ತು ನಾನು ನಿನ್ನ ಕೈಗಿಟ್ಟಿದ್ದೆ. ಈಗ ನೀನು ಇದನ್ನ ನನ್ನ ಕೈಗಿಟ್ಟುಬಿಡು, ಕೊಟ್ಟಿದ್ದು ವಾಪಸ್ ಬಂತು ಅಂತ ಆಗ್ಲಿ. ನಿನಗೆ ಎಲೆ ಅಡಿಕೆ ತರೋ ತೊಂದ್ರೆ ಬೇಡ ಅಂತ ನಾನೇ ತಂದಿದೀನಿ. ಈ ತಿಂಗಳ ಕವರೂ ಐತೆ. ಪಟ ಇಳಿಸು."

ಸಂಜೀವಪ್ಪ ದನಿ ತಗ್ಗಿಸಿದ. "ಗಿರಾಕಿಗಳವ್ರೆ. ಮನೆಗೆ ಬರ್ತೀನಿ, ಮಾತಾಡೋಣ."

"ಗಿರಾಕಿಗಳಿರ್ಲಿ ಅಂತಲೇ ಈ ಹೊತ್ತಿಗೆ ಬಂದೆ."

ಪಕ್ಕದಲ್ಲಿ ಒಬ್ಬ ಕೂಲಿಯವನು ಚೀಟಿ ಹಿಡಿದು ನಿಂತಿದ್ದ. ಶಕುಂತಲಮ್ಮ ಅವನ ಕಡೆ ತಿರುಗಿದಳು. "ಯಾರಿಗಪ್ಪ ಔಷಧಿ?"

"ಮಗೂಗೆ ಜ್ವರ ಕಣಮ್ಮ."

"ಗೋಡೆ ಮೇಲೆ ಫೋಟೋ ಐತಲ್ಲ, ಆ ಹುಡುಗಿ ಚೀಟಿ ನೋಡಿ ಕೊಡ್ಬೇಕು. ಸರ್ಕಾರ ಅವಳ ಹೆಸರಿನ ಮೇಲೇ ಲೈಸೆನ್ಸ್ ಕೊಟ್ಟಿರೋದು. ಅವಳು ನನ್ನ ಮಗಳು. ಈಗ ಮನೇಲಿ ಕಂಡಿಕೆ ಸುತ್ತುತಾವ್ಳೆ."

ಆ ಮನುಷ್ಯ ಫೋಟೋ ನೋಡಿದ, ಸಂಜೀವಪ್ಪನನ್ನು ನೋಡಿದ, ಚೀಟಿಯನ್ನು ಮೆಲ್ಲಗೆ ಜೇಬಿಗಿಟ್ಟುಕೊಂಡ. ಹಿಂದೆ ನಿಂತಿದ್ದವನೊಬ್ಬ ಕಿಸಕ್ಕನೆ ನಕ್ಕ.

"ಏನೇ ಇದು! ಅಂಗಡಿ ಮುಂದೆ ನನ್ನ ಮಾನ ಕಳೀತೀಯಾ? ಒಡಹುಟ್ಟಿದೋಳು ನೀನು!"

"ಒಡಹುಟ್ಟಿದೋಳು ಅಂತಲೇ ನಾನು ಬಂದೆ. ಬೇರೆಯೋರಾಗಿದ್ರೆ ಇನ್ಸ್‌ಪೆಕ್ಟರ್ ಬರ್ತಿದ್ದ. ನಮ್ಮ ಬೀದಿ ಲಕ್ಕಮ್ಮ ನಿನ್ನೆ ನಲ್ಲಿ ಹತ್ರ ಬಿದ್ದಿದ್ಲು. ನೀನು ಕೊಟ್ಟ ಮಾತ್ರೆ ನುಂಗಿ."

ಸಂಜೀವಪ್ಪನ ಮುಖ ಸಪ್ಪಗಾಯಿತು. "ಸಂಜೆ ಹೊತ್ತು ರಶ್ಶು... ಎರಡಕ್ಕೂ ಒಂದೇ ಥರ ಬಣ್ಣ..." ಎಂದವನು ಗಿರಾಕಿಗಳ ಕಡೆ ಒಮ್ಮೆ ನೋಡಿ ಹೇಳಿದ, "ಸರಿ. ನಾಳೆಯಿಂದ ಅನಿತಾನೇ ಬಂದು ನಿಲ್ಲಲಿ. ಅವಳ ಆಸೇನೂ ಅದೇ ಅಲ್ವಾ? ಕೌಂಟರು ಅವಳದ್ದೇ. ಸಾಕಾ?"

ಅಣ್ಣ ಅಷ್ಟು ಇಳಿದು ಮಾತಾಡಿದ್ದನ್ನು ಶಕುಂತಲಮ್ಮ ಯಾವತ್ತೂ ಕೇಳಿರಲಿಲ್ಲ. ಒಪ್ಪಿಕೊಂಡರೆ ಅಂಗಡಿಯೂ ಉಳಿಯುತ್ತಿತ್ತು, ತವರೂ ಉಳಿಯುತ್ತಿತ್ತು. ಅವಳು ಒಂದು ಗಳಿಗೆ ತಟ್ಟೆಯ ಅಂಚು ಹಿಡಿದು ನಿಂತಳು.

"ಬಿಳಿ ಕೋಟು ಹಾಕ್ಕೊಂಡು ನಿನ್ನ ಬಾಗಿಲಿಗೆ ಬಂದಿದ್ಲಲ್ಲ, ಆವತ್ತು ಈ ಮಾತು ಹೇಳಿದ್ರೆ ನಾನು ನಿನ್ನ ಕಾಲಿಗೆ ಬೀಳ್ತಿದ್ದೆ ಅಣ್ಣ. ಆವತ್ತು ಮೈಸೂರುಪಾಕು ಕೊಟ್ಟು ಕಳಿಸ್ದೆ. ಈಗ ಅವಳಿಗೆ ಬೇರೆ ಕೆಲಸ ಸಿಕ್ಕೈತೆ. ಇಳಿಸು."

"ಇಳಿಸಲ್ಲ."

ಶಕುಂತಲಮ್ಮ ಕೌಂಟರಿನ ಹಲಗೆ ಎತ್ತಿ ಒಳಗೆ ನುಗ್ಗಿದಳು. ಸ್ಟೂಲನ್ನು ಎಳೆದು, ಸೆರಗು ಸಿಕ್ಕಿಸಿ, ಹತ್ತಿದಳು. ಬೀದಿಯಲ್ಲಿ ಹೋಗುವವರೂ ನಿಂತು ನೋಡಿದರು. ದಾರ ಮೊಳೆಗೆ ಬಿಗಿಯಾಗಿ ಸುತ್ತಿತ್ತು. ನೂಲಿನ ಗಂಟು ಬಿಚ್ಚುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಟವನ್ನು ಕಂಕುಳಲ್ಲಿ ಅವುಚಿಕೊಂಡು ಇಳಿದಳು.

"ಹೋಗು," ಎಂದ ಸಂಜೀವಪ್ಪ. "ಇವತ್ತಿಗೆ ನಿನ್ನ ತವರು ಮುಗೀತು ಅನ್ಕೋ."

ಅವನು ತಾಂಬೂಲವನ್ನು ಎತ್ತಿ ಕೊಡಲಿಲ್ಲ. ಶಕುಂತಲಮ್ಮ ಕಾದು ನೋಡಿ, ಎಲೆ, ಅಡಿಕೆ, ಕವರು ಮೂರನ್ನೂ ಗಾಜಿನ ಮೇಲೆ ಸುರಿದು, ತಟ್ಟೆಯನ್ನು ಸೆರಗಿನಿಂದ ಒರೆಸಿಕೊಂಡು ಹೊರಟಳು.

ದಾರಿಯಲ್ಲಿ ಗುರುತಿನವರು ಒಬ್ಬರಾದ ಮೇಲೊಬ್ಬರು ಕೇಳಿದರು. "ಏನಮ್ಮ, ಯಾವ ದೇವರ ಪಟ?" ಎಂದವರಿಗೆ, "ದೇವರಲ್ಲ, ನನ್ನ ಮಗಳು," ಎಂದು ಗಟ್ಟಿಯಾಗೇ ಹೇಳಿದಳು. ಸಂದಿಯಲ್ಲಿ ತಿರುಗಿದರೆ ಮನೆ ಹತ್ತಿರವಾಗುತ್ತಿತ್ತು. ಅವಳು ತಿರುಗಲಿಲ್ಲ, ಪೇಟೆ ಬೀದಿಯಲ್ಲೇ ಬಂದಳು.

ರಾಮಾಂಜಿನಪ್ಪನಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಅವನು ರಾತ್ರಿ ಊಟದ ತಟ್ಟೆ ದೂರ ತಳ್ಳಿ ಗೋಡೆಯ ಕಡೆ ತಿರುಗಿ ಕೂತ.

"ಸ್ಟೂಲ್ ಹತ್ತಿದ್ಯಂತೆ. ಇಡೀ ಬಸ್ ಸ್ಟ್ಯಾಂಡ್ ನೋಡ್ತಂತೆ. ನಾಳೆಯಿಂದ ನಾನು ಬೀದೀಲಿ ತಲೆ ಎತ್ಕೊಂಡು ಹೆಂಗೆ ಓಡಾಡ್ಲಿ?"

"ನೀವು ಓಡಾಡ್ಬೇಡಿ, ಮಗ್ಗದ ಮುಂದೆ ಕೂತಿರಿ. ನಾವು ಓಡಾಡ್ತೀವಿ." ಮುದ್ದೆ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. "ಆರೋಗ್ತದೆ, ತಿನ್ನಿ."

ಚೌಡೇಶ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಅನಿತ ಪಟದ ಹಿಂದಿನ ಅಟ್ಟೆ ಬಿಚ್ಚಿ, ಪತ್ರವನ್ನು ಹೊರಗೆಳೆದು, ನೆಲದ ಮೇಲೆ ಹರಡಿ ಅಂಗೈಯಲ್ಲಿ ನೇವರಿಸಿದಳು. ಆಮೇಲೆ ಚೌಡೇಶನ ಮೂಲಕವಲ್ಲದೆ, ನೇರವಾಗಿಯೇ ಕೇಳಿದಳು:

"ಅವ್ವ, ಒಂದನೇ ತಾರೀಖು ನನ್ನ ಜೊತೆ ಕಾಲೇಜಿಗೆ ಬರ್ತೀಯಾ?"

"ಬರ್ದೆ ಏನು? ಈ ಸಲ ನೀನು ಸಹಿ ಹಾಕೋ ಜಾಗ ನಾನೂ ಕಣ್ಣಾರೆ ನೋಡ್ತೀನಿ. ದಿನಾ ನಿಂತು ಕೆಲಸ ಮಾಡೋಳು ಇವಳೇ ತಾನೇ ಅಂತ ನಿಮ್ಮ ಮೇಷ್ಟ್ರ ಬಾಯಲ್ಲೇ ಹೇಳಿಸ್ತೀನಿ."

ಒಂದನೇ ತಾರೀಖು ಬೆಳಗ್ಗೆ ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೊರಟರು. ಅನಿತ ಸಂದಿಯ ದಾರಿ ಹಿಡಿಯಲು ಹೋದಳು. "ಯಾಕೆ, ಕದ್ದಿದ್ದೀವಾ?" ಎಂದು ಶಕುಂತಲಮ್ಮ ಅವಳ ತೋಳು ಹಿಡಿದು ದೊಡ್ಡ ಬೀದಿಗೇ ಎಳೆದಳು.

ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿತ್ತು. ಹೊಸ ಸರ್ಟಿಫಿಕೇಟು ಹುಡುಕಿಕೊಂಡು ಸಂಜೀವಪ್ಪ ಊರೂರು ಸುತ್ತುತ್ತಿದ್ದಾನೆಂದು ಸುದ್ದಿಯಿತ್ತು. ಮೆಟ್ಟಿಲ ಮೇಲೆ ಕೂತಿದ್ದವನು ತಂಗಿಯನ್ನು ಕಂಡು ಎದ್ದು ನಿಂತು, ಸುತ್ತಲಿನವರಿಗೆಲ್ಲ ಕೇಳಿಸುವಂತೆ ಕೂಗಿದ:

"ಗೌರಿ ಹಬ್ಬ ಹತ್ರ ಬಂತು. ಈ ಸಲ ತವರಿಂದ ಬಾಗಿನ ಬರ್ತದೆ ಅಂತ ಬಾಗಿಲು ಕಾಯ್ಕೊಂಡು ಕೂರ್ಬೇಡ!"

ಶಕುಂತಲಮ್ಮ ನಿಂತಳು. ಇಪ್ಪತ್ತು ಮೂವತ್ತು ಜನ ನೋಡುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ ಅವನಷ್ಟೇ ಗಟ್ಟಿಯಾಗಿ ಹೇಳಿದಳು:

"ಕಾಯಲ್ಲ ಬಿಡಣ್ಣ. ಈ ಸಲ ಅತ್ತಿಗೆಗೆ ನಾನೇ ಬಾಗಿನ ತರ್ತೀನಿ. ಬಾಗಿಲು ತೆಗೀತೀಯೋ ಹಾಕ್ತೀಯೋ, ಅದು ನಿನಗೆ ಬಿಟ್ಟಿದ್ದು. ನಾನಂತೂ ಬರ್ತೀನಿ."

ಸಂಜೀವಪ್ಪ ಮತ್ತೆ ಮೆಟ್ಟಿಲ ಮೇಲೆ ಕೂತ. ದೇವನಹಳ್ಳಿಯ ಬಸ್ಸು ಹಾರ್ನ್ ಹೊಡೆಯಿತು. ಅನಿತ ಬಿಳಿ ಕೋಟಿನ ಚೀಲ ಎದೆಗವಚಿಕೊಂಡು ಓಡಿ ಬಸ್ಸು ಹತ್ತಿದಳು. "ಬೇಗ ಬಾರಮ್ಮ, ಟೈಮಾಯ್ತು!" ಎಂದು ಕಂಡಕ್ಟರು ಕೂಗಿದ. ಶಕುಂತಲಮ್ಮ ಓಡಲಿಲ್ಲ. ಇರಪ್ಪ ಎಂದು ಅವನಿಗೆ ಕೈ ತೋರಿಸಿ, ಅಣ್ಣನ ಅಂಗಡಿಯ ಮುಂದಿನಿಂದ, ರಸ್ತೆಯ ನಡುಮಧ್ಯೆ, ನಿಧಾನವಾಗಿ ನಡೆದುಬಂದಳು. ಬಸ್ಸು ಕಾದು ನಿಂತಿತು.